ಮಹಾಗೋಡೆಯ ಮೆಟ್ಟಿಲು, ಸವೆದ ಮಂಡಿ: ಹತ್ತುವ ಚಿಂತೆಗಿಂತ ಇಳಿಯುವ ಸಿದ್ಧತೆ ಮುಖ್ಯ

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನಾನು ಹಾಸನದ ನಿವೃತ್ತ ಪ್ರೌಢಶಾಲಾ ಶಿಕ್ಷಕಿ, ವಯಸ್ಸು 60, ತೂಕ 71 ಕೆ.ಜಿ. ಮಗಳು, ಅಳಿಯ ಬೀಜಿಂಗಿನಲ್ಲಿದ್ದಾರೆ. ಸೆಪ್ಟೆಂಬರ್ ಕೊನೆಗೆ ಅಲ್ಲಿಗೆ ಹೋಗುತ್ತಿದ್ದೇನೆ, ಅಂದರೆ ನಾಲ್ಕು ತಿಂಗಳು ಸಮಯವಿದೆ. ಜಿನ್‌ಶಾನ್‌ಲಿಂಗ್ ಎಂಬಲ್ಲಿಂದ ಸಿಮಾತಾಯ್ ಎಂಬಲ್ಲಿಯವರೆಗೆ ಚೀನಾದ ಮಹಾಗೋಡೆಯ ಮೇಲೆ ಒಂದು ದಿನ ನಡೆಯಬೇಕೆಂಬುದು ನನ್ನ ಬಹುಕಾಲದ ಆಸೆ. ಅಳಿಯನ ಸ್ನೇಹಿತರು ದುರಸ್ತಿಯಾಗದ ಜಿಯಾನ್‌ಕೊ ಭಾಗವೇ ಚೆನ್ನ ಎನ್ನುತ್ತಾರೆ. ನನಗೆ ಎಡ ಮಂಡಿ ನೋವಿದೆ. ಎಕ್ಸ್‌ರೇ ನೋಡಿದವರು ಸವೆತ ಶುರುವಾಗಿದೆ ಎಂದರು. ಕಳೆದ ತಿಂಗಳು ಶ್ರವಣಬೆಳಗೊಳದಲ್ಲಿ ವಿಂಧ್ಯಗಿರಿ ಹತ್ತುವಾಗ ಅಷ್ಟೇನೂ ಕಷ್ಟವಾಗಲಿಲ್ಲ, ಇಳಿಯುವಾಗ ಮಾತ್ರ ಕಂಬಿ ಹಿಡಿದು ಅಡ್ಡಡ್ಡ ಹೆಜ್ಜೆ ಹಾಕಬೇಕಾಯಿತು, ಎರಡು ದಿನ ತೊಡೆ ಕಲ್ಲಾಗಿತ್ತು. ರಕ್ತದೊತ್ತಡಕ್ಕೆ ಟೆಲ್ಮಿಸಾರ್ಟನ್ ಮತ್ತು ಹೈಡ್ರೋಕ್ಲೋರೋಥಯಜೈಡ್ ಸೇರಿದ ಮಾತ್ರೆ ನುಂಗುತ್ತೇನೆ. ಎತ್ತರದ ಜಾಗದಲ್ಲಿ ಕಾಯಿಲೆಯಾಗದಂತೆ ಡೈಮಾಕ್ಸ್ ಮಾತ್ರೆ ತೆಗೆದುಕೊಳ್ಳಿ, ಹಿಂದಿನ ದಿನ ಮಂಡಿಗೆ ಇಂಜೆಕ್ಷನ್ ಹಾಕಿಸಿಕೊಳ್ಳಿ, ಮಂಡಿಪಟ್ಟಿ ಕಟ್ಟಿಕೊಂಡರೆ ಸಾಕು ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ಮನೆಯವರು ಹೋಗುವುದೇ ಬೇಡ ಎನ್ನುತ್ತಾರೆ. ನಡೆದರೆ ಮಂಡಿ ಇನ್ನೂ ಸವೆದುಹೋಗುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ವಿಂಧ್ಯಗಿರಿಯ ವಿವರ. ಹತ್ತುವಾಗ ಆಗದ ಕಷ್ಟ ಇಳಿಯುವಾಗ ಆಯಿತು, ತೊಡೆ ಎರಡು ದಿನ ಬಿಗಿದುಕೊಂಡಿತು ಎಂಬ ಎರಡು ಸಂಗತಿಗಳಲ್ಲಿ ನಿಮ್ಮ ತೊಂದರೆಯ ಕಾರಣವೂ ಇದೆ, ಅದರ ಪರಿಹಾರದ ದಾರಿಯೂ ಇದೆ. ನೀವು ಕೇಳಿರುವುದು ಮಂಡಿ ಸವೆಯುತ್ತದೆಯೇ ಎಂದು. ನೀವು ಬರೆದಿರುವುದನ್ನು ನೋಡಿದರೆ ನಾಲ್ಕು ತಿಂಗಳಲ್ಲಿ ಗಮನ ಕೊಡಬೇಕಾದದ್ದು ತೊಡೆಯ ಮುಂಭಾಗದ ಸ್ನಾಯುಗಳಿಗೆ.

ಮೊದಲು ಸವೆತದ ಭಯವನ್ನು ನೋಡೋಣ. ಮಂಡಿಯೊಳಗೆ ಮೂಳೆಯ ತುದಿಗೆ ಮೆತ್ತೆಯಂತಿರುವ ಮೃದ್ವಸ್ಥಿಯನ್ನು ನಡೆದಷ್ಟೂ ತೆಳುವಾಗುವ ಚಪ್ಪಲಿಯ ಅಟ್ಟೆಯೆಂದು ಬಹಳ ಜನ ಭಾವಿಸಿದ್ದಾರೆ. ಅದು ಜೀವಂತ ಅಂಗಾಂಶ. ಅದಕ್ಕೆ ರಕ್ತನಾಳಗಳಿಲ್ಲ, ಭಾರ ಬಿದ್ದು ಬಿಟ್ಟಾಗಲೇ ಕೀಲಿನ ದ್ರವದಿಂದ ಪೋಷಣೆ ಒಳಹೋಗುತ್ತದೆ. ಆದ್ದರಿಂದಲೇ ಆರಂಭದ ಹಂತದ ಮಂಡಿ ಸವೆತಕ್ಕೆ ಪ್ರಪಂಚದ ಎಲ್ಲ ಪ್ರಮುಖ ಚಿಕಿತ್ಸಾ ಮಾರ್ಗಸೂಚಿಗಳೂ ಮೊದಲ ಚಿಕಿತ್ಸೆಯಾಗಿ ವ್ಯಾಯಾಮವನ್ನೇ ಹೇಳುತ್ತವೆ. ಎಕ್ಸ್‌ರೇಯಲ್ಲಿ ಕಾಣುವ ಸವೆತಕ್ಕೂ ಅನುಭವಿಸುವ ನೋವಿಗೂ ನೇರ ಲೆಕ್ಕವಿಲ್ಲ. ಚಿಕ್ಕಮಗಳೂರು, ಸಕಲೇಶಪುರದ ಕಡೆಯ ತೋಟಗಳಲ್ಲಿ ದಿನವಿಡೀ ಇಳಿಜಾರಿನಲ್ಲಿ ದುಡಿಯುವ ಹೆಂಗಸರ ಎಕ್ಸ್‌ರೇಗಳಲ್ಲಿ ನಿಮ್ಮದಕ್ಕಿಂತ ಹೆಚ್ಚು ಸವೆತ ಕಂಡಿದ್ದೇನೆ. ಅವರಲ್ಲಿ ಹಲವರು ನನ್ನ ಬಳಿ ಬಂದದ್ದು ಬೆನ್ನು ನೋವಿಗೆ, ಮಂಡಿಯ ಬಗ್ಗೆ ಅವರಿಗೆ ದೂರೇ ಇರಲಿಲ್ಲ. ಒಂದು ದಿನದ ನಡಿಗೆ, ಅದಕ್ಕೆ ತಕ್ಕ ಸಿದ್ಧತೆಯಿದ್ದರೆ, ನಿಮ್ಮ ಮಂಡಿಯನ್ನು ಹಾಳುಮಾಡುವುದಿಲ್ಲ. ಸಿದ್ಧತೆಯಿಲ್ಲದೆ ಹೋದರೆ ವಾರಗಟ್ಟಲೆ ಊತ, ನೋವು ಬರಬಹುದು, ಎಡವಿ ಬೀಳಬಹುದು. ಈ ಎರಡನೆಯದು ನನ್ನನ್ನು ಹೆಚ್ಚು ಕಾಡುತ್ತದೆ, ಏಕೆಂದರೆ ಅರವತ್ತು ದಾಟುವ ಹೆಂಗಸರಲ್ಲಿ ಮೂಳೆಯ ಸಾಂದ್ರತೆ ಕಡಿಮೆಯಾಗಿರುತ್ತದೆ ಮತ್ತು ಕೈಯೂರಿ ಬಿದ್ದರೆ ಮಣಿಕಟ್ಟು ಮುರಿಯುವುದು ಸಾಮಾನ್ಯ.

ಇನ್ನು ಇಳಿಯುವಾಗಲೇ ಏಕೆ ನೋವು ಎಂಬುದು. ಸಮತಟ್ಟಾದ ನೆಲದಲ್ಲಿ ನಡೆಯುವಾಗ ಮಂಡಿಚಿಪ್ಪಿನ ಹಿಂದೆ ಬೀಳುವ ಒತ್ತಡ ದೇಹದ ತೂಕಕ್ಕಿಂತಲೂ ಕಡಿಮೆ. ಮೆಟ್ಟಿಲಿನಲ್ಲಿ ಅದು ಮೂರು ಪಟ್ಟು ದಾಟುತ್ತದೆ, ಮೆಟ್ಟಿಲು ಎತ್ತರವಾದಷ್ಟೂ ಹಿಂದಿನ ಕಾಲಿನ ಮಂಡಿ ಹೆಚ್ಚು ಬಾಗಬೇಕಾಗಿ ಒತ್ತಡ ಇನ್ನೂ ಏರುತ್ತದೆ. ಹತ್ತುವಾಗ ತೊಡೆಯ ಸ್ನಾಯು ಕುಗ್ಗುತ್ತಾ ಕೆಲಸ ಮಾಡಿದರೆ ಇಳಿಯುವಾಗ ಹಿಗ್ಗುತ್ತಲೇ ಭಾರ ತಡೆಯಬೇಕು. ತುಂಬಿದ ಕಾಫಿ ಮೂಟೆಯನ್ನು ಹೆಗಲಿನಿಂದ ಎತ್ತಿ ಎಸೆಯದೆ ನಿಧಾನವಾಗಿ ನೆಲಕ್ಕಿಳಿಸುವ ಕೆಲಸ ಅದು. ಈ ಬಗೆಯ ದುಡಿಮೆ ಅಭ್ಯಾಸವಿಲ್ಲದ ಸ್ನಾಯುವಿನ ಎಳೆಗಳಲ್ಲಿ ಸೂಕ್ಷ್ಮ ಬಿರುಕುಗಳಾಗಿ, ನೋವು ಒಂದರಿಂದ ಮೂರು ದಿನಗಳ ನಡುವೆ ತುದಿಗೇರುತ್ತದೆ. ನಿಮ್ಮ ತೊಡೆ ಕಲ್ಲಾದದ್ದು ಇದರಿಂದ. ಸಮಾಧಾನದ ಸಂಗತಿಯೆಂದರೆ, ಅದೇ ಕೆಲಸವನ್ನು ಸ್ವಲ್ಪ ಸ್ವಲ್ಪವಾಗಿ ಕೆಲವು ಸಲ ಮಾಡಿದ ಸ್ನಾಯು ಬೇಗನೆ ಹೊಂದಿಕೊಳ್ಳುತ್ತದೆ, ಆ ರಕ್ಷಣೆ ಕೆಲವು ವಾರಗಳ ಕಾಲ ಉಳಿಯುತ್ತದೆ. ತೊಡೆ ದಣಿದಾಗ ಭಾರ ತಡೆಯುವವರಿಲ್ಲದೆ ಮಂಡಿ ಅದನ್ನು ಹೊರುತ್ತದೆ, ನೋವು ಆಗ ಕಾಣಿಸಿಕೊಳ್ಳುತ್ತದೆ.

ಮಹಾಗೋಡೆ ಈ ಪರೀಕ್ಷೆಯನ್ನು ಕಠಿಣಗೊಳಿಸುವುದು ತನ್ನ ಉದ್ದದಿಂದಲ್ಲ, ಮೆಟ್ಟಿಲುಗಳ ಅಸಮತೆಯಿಂದ. ಜಿನ್‌ಶಾನ್‌ಲಿಂಗ್ ಭಾಗ ಬೀಜಿಂಗಿನಿಂದ ಈಶಾನ್ಯಕ್ಕೆ ಸುಮಾರು 130 ಕಿಲೋಮೀಟರ್ ದೂರದಲ್ಲಿ, ಹೆಬೈ ಪ್ರಾಂತ್ಯದಲ್ಲಿದೆ. ಈಗ ಕಾಣುವ ಗೋಡೆ 16ನೆಯ ಶತಮಾನದ ಉತ್ತರಾರ್ಧದಲ್ಲಿ ಮಿಂಗ್ ರಾಜವಂಶದ ಸೇನಾನಿ ಚಿ ಜಿಗುವಾಂಗ್ ಅವರ ಉಸ್ತುವಾರಿಯಲ್ಲಿ ಬಲಗೊಂಡದ್ದು. ಸುಮಾರು 10.5 ಕಿಲೋಮೀಟರ್ ಉದ್ದಕ್ಕೆ 67 ಬುರುಜುಗಳಿವೆ. ಗೋಡೆ ಬೆಟ್ಟದ ಏಣನ್ನೇ ಹಿಡಿದು ಹೋಗುವುದರಿಂದ ಪ್ರತಿ ಬುರುಜಿಗೂ ಏರಬೇಕು, ಮತ್ತೆ ಇಳಿಯಬೇಕು. ನಮ್ಮ ಮನೆಯ ಮೆಟ್ಟಿಲು ಆರು, ಏಳು ಅಂಗುಲ ಎತ್ತರವಿದ್ದು ಎಲ್ಲವೂ ಒಂದೇ ಸಮ ಇರುತ್ತವೆ, ಮೊದಲ ಎರಡು ಹೆಜ್ಜೆಯಲ್ಲಿಯೇ ಕಾಲು ಆ ಅಳತೆಯನ್ನು ಕಲಿತುಬಿಡುತ್ತದೆ. ಅಲ್ಲಿ ಒಂದು ಮೆಟ್ಟಿಲು ಅಂಗೈ ಅಗಲದಷ್ಟು, ಮುಂದಿನದು ಮಂಡಿಯ ಹತ್ತಿರಕ್ಕೆ ಬರುವಷ್ಟು. ಪೂರ್ವದ ಕಡೆಗೆ, ಸಿಮಾತಾಯ್ ಹತ್ತಿರವಾದಂತೆ, ದುರಸ್ತಿಯಾಗದ ಭಾಗ ಬರುತ್ತದೆ, ಅಲ್ಲಿ ಇಟ್ಟಿಗೆಗಳು ಸಡಿಲವಾಗಿವೆ. ಇಳಿಜಾರು ತೀರಾ ಕಡಿದಾಗಿರುವೆಡೆ ಮೆಟ್ಟಿಲುಗಳಿಗೆ ಅಡ್ಡಲಾಗಿ ಗಿಡ್ಡ ಗೋಡೆಗಳನ್ನು ಕಟ್ಟಿದ್ದಾರೆ. ಶತ್ರುಗಳು ಗೋಡೆಯ ಮೇಲೆ ಬಂದುಬಿಟ್ಟರೂ ಸೈನಿಕರು ಅವುಗಳ ಮರೆಯಲ್ಲಿ ನಿಂತು ಒಂದೊಂದೇ ಹಂತವನ್ನು ಕಾಯಲಿ ಎಂಬ ಯೋಜನೆ. ಯುದ್ಧಕಲೆಯ ದೃಷ್ಟಿಯಿಂದ ಅದ್ಭುತವಾದ ಕೆಲಸ, ನಡೆಯುವವರು ಮಾತ್ರ ಅವನ್ನು ಬಳಸಿಕೊಂಡು ಅತ್ತಿತ್ತ ತಿರುಗಿ ಇಳಿಯಬೇಕು. ತಿರುಗುವ ಆ ಹೆಜ್ಜೆಗಳೇ ಸವೆದ ಮಂಡಿಗೆ ಹಿಡಿಸದವು.

ಎತ್ತರದ ಕಾಯಿಲೆಯ ಮಾತನ್ನು ಬೇಗ ಮುಗಿಸುತ್ತೇನೆ. ಜಿನ್‌ಶಾನ್‌ಲಿಂಗ್‌ನ ಅತಿ ಎತ್ತರದ ಜಾಗವೂ ಸಮುದ್ರಮಟ್ಟದಿಂದ 700 ಮೀಟರ್ ಆಸುಪಾಸು. ನಿಮ್ಮ ಹಾಸನವೇ 900 ಮೀಟರಿಗೆ ಮೇಲಿದೆ, ಮುಳ್ಳಯ್ಯನಗಿರಿ 1,930 ಮೀಟರ್. ಎತ್ತರದ ಕಾಯಿಲೆ ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲಿನ ಮಾತು. ಡೈಮಾಕ್ಸ್ ನಿಮಗೆ ಬೇಡವೇ ಬೇಡ. ಅದೂ ಮೂತ್ರ ಹೆಚ್ಚಿಸುವ ಔಷಧ, ನೀವು ನುಂಗುತ್ತಿರುವ ಹೈಡ್ರೋಕ್ಲೋರೋಥಯಜೈಡ್ ಕೂಡ ಅದೇ ಜಾತಿಯ ಕೆಲಸ ಮಾಡುತ್ತದೆ, ಎರಡೂ ಸೇರಿದರೆ ದೇಹದ ಪೊಟ್ಯಾಸಿಯಮ್ ಕುಸಿಯಬಹುದು.

ನೋವಿನ ಮಾತ್ರೆಯ ವಿಷಯವನ್ನು ನೀವು ಕೇಳಿಲ್ಲ, ಆದರೂ ಯಾರಾದರೂ ಒಬ್ಬರು ಪರ್ಸಿನಲ್ಲಿ ಇಟ್ಟುಕೊಡುತ್ತಾರೆ ಎಂಬುದು ನನಗೆ ಗೊತ್ತು. ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ಐಬುಪ್ರೊಫೆನ್ ಜಾತಿಯ ಯಾವ ಮಾತ್ರೆಯನ್ನೂ ಆ ದಿನ ನುಂಗಬೇಡಿ. ಟೆಲ್ಮಿಸಾರ್ಟನ್, ಮೂತ್ರವರ್ಧಕ, ಈ ನೋವಿನ ಮಾತ್ರೆ, ಈ ಮೂರೂ ಮೂತ್ರಪಿಂಡದ ರಕ್ತಸಂಚಾರವನ್ನು ಮೂರು ಬೇರೆ ಕಡೆಯಿಂದ ಬಿಗಿಹಿಡಿಯುತ್ತವೆ. ಅದರ ಮೇಲೆ ಬಿಸಿಲಿನಲ್ಲಿ ಬೆವರಿ ನೀರು ಕಡಿಮೆಯಾದರೆ ಮೂತ್ರಪಿಂಡಕ್ಕೆ ತೀವ್ರ ಪೆಟ್ಟು ಬೀಳಬಹುದು. ಇದು ಬಹಳ ಮನೆಗಳಲ್ಲಿ ಗೊತ್ತಿಲ್ಲದೆ ನಡೆಯುತ್ತಿರುವ ತಪ್ಪು, ಆದ್ದರಿಂದ ಒತ್ತಿ ಹೇಳುತ್ತಿದ್ದೇನೆ. ಬೇಕೇಬೇಕಾದರೆ ಪ್ಯಾರಾಸಿಟಮಾಲ್ ಸಾಕು. ರಕ್ತದೊತ್ತಡದ ಮಾತ್ರೆಯನ್ನು ನಡಿಗೆಯ ದಿನವೆಂದು ಬಿಡಬೇಡಿ, ವಾಂತಿ ಭೇದಿ ಆದ ದಿನ ಮಾತ್ರ ನಿಮ್ಮ ವೈದ್ಯರಿಗೆ ಕರೆ ಮಾಡಿ ಕೇಳಿ. ಮಾತ್ರೆಗಳನ್ನು ಮೂಲ ಸ್ಟ್ರಿಪ್ಪಿನಲ್ಲೇ, ಔಷಧಿ ಚೀಟಿಯೊಂದಿಗೆ ಕೈಚೀಲದಲ್ಲಿಟ್ಟುಕೊಂಡು ವಿಮಾನ ಹತ್ತಿ.

ಹಿಂದಿನ ದಿನದ ಇಂಜೆಕ್ಷನ್ ಎಂದರೆ ಸ್ಟೀರಾಯ್ಡ್. ಊತವಿರುವ ಮಂಡಿಗೆ ಅದು ಕೆಲವು ವಾರಗಳ ಶಮನ ಕೊಡುತ್ತದೆ, ನಾನೂ ಅಗತ್ಯವಿದ್ದವರಿಗೆ ಕೊಡುತ್ತೇನೆ. ಒಂದು ಪ್ರವಾಸಕ್ಕೆಂದು, ಅದೂ ಅಪರಿಚಿತ ಊರಿನಲ್ಲಿ, ಕೊಡಿಸಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಮುಂದೆ ಹೋಗಬೇಡ ಎಂದು ಮಂಡಿ ಹೇಳುವ ಮಾತನ್ನೇ ಅದು ಅಡಗಿಸುತ್ತದೆ, ಅಪರೂಪಕ್ಕೆ ಸೋಂಕಿನ ಅಪಾಯವೂ ಉಂಟು. ಮಂಡಿಪಟ್ಟಿ ಬೆಚ್ಚಗಿಡುತ್ತದೆ, ಧೈರ್ಯ ಕೊಡುತ್ತದೆ. ಭಾರವನ್ನೇನೂ ಹೊರುವುದಿಲ್ಲ. ಕಟ್ಟಿಕೊಳ್ಳುವುದಾದರೆ ಕಟ್ಟಿಕೊಳ್ಳಿ, ಅದನ್ನು ನಂಬಿ ಅಭ್ಯಾಸ ತಪ್ಪಿಸಬೇಡಿ.

ಈಗ ಅಭ್ಯಾಸದ ಮಾತು. ಅದಕ್ಕೂ ಮೊದಲು ಎರಡು ತಪಾಸಣೆ. ಮೆಟ್ಟಿಲು ಹತ್ತುವಾಗ ಎದೆ ಬಿಗಿಯುವುದು, ಎಂದಿಗಿಂತ ಬೇಗ ಉಸಿರು ಕಟ್ಟುವುದು, ತಲೆ ಸುತ್ತುವುದು ಇದೆಯೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಇಲ್ಲದಿದ್ದರೂ ನಿಮ್ಮ ವಯಸ್ಸು ಮತ್ತು ರಕ್ತದೊತ್ತಡ ನೋಡಿ ಒಮ್ಮೆ ಇಸಿಜಿ ಮಾಡಿಸಿ, ಟ್ರೆಡ್‌ಮಿಲ್ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ, ರಕ್ತದಲ್ಲಿ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಮ್ ನೋಡಿಸಿ. ಎರಡನೆಯದಾಗಿ, ಮಂಡಿ ಅರ್ಧದಲ್ಲೇ ಸಿಕ್ಕಿಹಾಕಿಕೊಂಡು ಚಾಚಲಾಗದೆ ನಿಲ್ಲುವುದು, ಇದ್ದಕ್ಕಿದ್ದಂತೆ ಕುಸಿಯುವುದು, ಪದೇ ಪದೇ ಊದುವುದು ಇದ್ದರೆ ಅಭ್ಯಾಸ ಆರಂಭಿಸದೆ ಮೂಳೆ ತಜ್ಞರಿಗೆ ತೋರಿಸಿ. ಅದು ಬೇರೆ ತೊಂದರೆ.

ಇವೆರಡೂ ಸರಿಯಿದ್ದರೆ ಮೊದಲ ತಿಂಗಳು ಮನೆಯಲ್ಲೇ ಕೆಲಸ. ಗಟ್ಟಿ ಕುರ್ಚಿಯಿಂದ ಕೈಯೂರದೆ ಎದ್ದು, ಮೂರು ಎಣಿಸುವಷ್ಟು ನಿಧಾನವಾಗಿ ಕೂರಿ. ಹತ್ತು ಸಲದಂತೆ ಮೂರು ಸುತ್ತು, ವಾರಕ್ಕೆ ಮೂರು ದಿನ. ಜೊತೆಗೆ ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ಎತ್ತುವುದು. ಸೊಂಟದ ಪಕ್ಕದ ಸ್ನಾಯು ಸೋತರೆ ಇಳಿಯುವಾಗ ಮಂಡಿ ಒಳಕ್ಕೆ ಬಾಗುತ್ತದೆ, ಅದಕ್ಕಾಗಿ ಇದು. ಎರಡನೆಯ ತಿಂಗಳಿನಿಂದ ಇಳಿಯುವ ಅಭ್ಯಾಸ: ನಾಲ್ಕು ಅಂಗುಲದ ಮಣೆಯ ಮೇಲೆ ಒಂದು ಕಾಲಲ್ಲಿ ನಿಂತು ಇನ್ನೊಂದು ಕಾಲಿನ ಹಿಮ್ಮಡಿಯನ್ನು ನಿಧಾನವಾಗಿ ನೆಲಕ್ಕೆ ತಾಗಿಸಿ ಮತ್ತೆ ಏಳಬೇಕು. ಅದು ಸಲೀಸಾದ ಮೇಲೆ ಆರು ಅಂಗುಲ, ನಂತರ ಎಂಟು. ಅಭ್ಯಾಸದ ಸಮಯದಲ್ಲಿ ಹತ್ತರಲ್ಲಿ ಮೂರು, ನಾಲ್ಕರಷ್ಟು ನೋವು ಬಂದು ಮರುದಿನ ಬೆಳಿಗ್ಗೆಯ ಹೊತ್ತಿಗೆ ಹಿಂದಿನಂತಾದರೆ ಮುಂದುವರಿಯಬಹುದು. ಬೆಳಿಗ್ಗೆ ಮಂಡಿ ಊದಿದ್ದರೆ ಹಿಂದಿನ ಎತ್ತರಕ್ಕೆ ಮರಳಿ.

ನಿಮ್ಮ ನಾಲ್ಕು ತಿಂಗಳು ಸರಿಯಾಗಿ ಮಳೆಗಾಲದಲ್ಲಿ ಬೀಳುತ್ತವೆ ಎಂಬುದೊಂದು ತೊಡಕು. ಬೆಟ್ಟದ ಅಭ್ಯಾಸವೆಂದರೆ ಎಲ್ಲರ ಬಾಯಲ್ಲೂ ಮುಳ್ಳಯ್ಯನಗಿರಿಯೇ ಬರುತ್ತದೆ, ಆದರೆ ಜೂನ್‌ನಿಂದ ಅಲ್ಲಿನ ಮಂಜು, ಗಾಳಿ, ಜಾರುವ ಕಲ್ಲು, ಜಿಗಣೆಗಳ ನಡುವೆ ಮಂಡಿ ನೋವಿರುವವರನ್ನು ನಾನು ಕಳುಹಿಸಲಾರೆ. ಶ್ರವಣಬೆಳಗೊಳ ಬಯಲುಸೀಮೆಯ ಕಡೆಗಿರುವುದರಿಂದ ಅಲ್ಲಿ ಒಣಗಿದ ದಿನಗಳು ಹೆಚ್ಚು ಸಿಗುತ್ತವೆ. ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬಂಡೆಯಲ್ಲೇ ಕೊರೆದಿರುವುದರಿಂದ ಅವು ಒಂದೇ ಸಮ ಇಲ್ಲ, ನಿಮ್ಮ ಅಗತ್ಯಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಜಿಲ್ಲೆಯಲ್ಲಿಲ್ಲ. ಮೂರನೆಯ ತಿಂಗಳಿನಿಂದ ಹತ್ತು ಹದಿನೈದು ದಿನಕ್ಕೊಮ್ಮೆ, ಕಲ್ಲು ಒಣಗಿರುವ ಬೆಳಗಿನಲ್ಲಿ ಹೋಗಿ, ಕಂಬಿಯನ್ನು ಮುಟ್ಟುವಷ್ಟು ಹತ್ತಿರ ನಡೆಯಿರಿ. ಅಲ್ಲಿ ಬರಿಗಾಲಲ್ಲಿ ಹತ್ತಬೇಕಾದ್ದರಿಂದ ಶೂಗಳ ಪರೀಕ್ಷೆ ಆಗುವುದಿಲ್ಲ. ಅದಕ್ಕೆ ಹಾಸನದಲ್ಲೇ ಕ್ರೀಡಾಂಗಣದ ಗ್ಯಾಲರಿ ಮೆಟ್ಟಿಲು, ಮಳೆ ಬಂದ ದಿನ ಯಾವುದಾದರೂ ಮೂರು ನಾಲ್ಕು ಅಂತಸ್ತಿನ ಕಟ್ಟಡದ ಮೆಟ್ಟಿಲು ಸಾಕು. ಇಳಿಯುವಾಗ ಬೆರಳು ಮುಂದಕ್ಕೆ ಒತ್ತಿ ಉಗುರು ಕಪ್ಪಾಗದಂತೆ ಶೂ ಅರ್ಧ ಅಳತೆ ದೊಡ್ಡದಿರಲಿ, ಹೊರಡುವ ಮುನ್ನ ಕನಿಷ್ಠ ಒಂದು ತಿಂಗಳು ಅದನ್ನೇ ತೊಟ್ಟು ನಡೆಯಿರಿ. ಪ್ರಯಾಣಕ್ಕೆ ಹತ್ತು ದಿನವಿರುವಾಗ ಕೊನೆಯ ದೀರ್ಘ ಇಳಿತ ಮುಗಿಸಿ, ಆಮೇಲೆ ಹಗುರ ನಡಿಗೆ ಮಾತ್ರ.

ತೂಕದ ಬಗ್ಗೆ ಒಂದೇ ಮಾತು. ಮಂಡಿ ಸವೆತವಿರುವ ಸ್ಥೂಲಕಾಯದವರಲ್ಲಿ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ ಎಂಬುದನ್ನು ಅಳೆದು ನೋಡಿದ್ದಾರೆ. ನೀವು ಸೆಪ್ಟೆಂಬರಿನೊಳಗೆ ಮೂರು ಕಿಲೋ ಇಳಿಸಿದರೂ ಅದು ಯಾವ ಮಂಡಿಪಟ್ಟಿಗಿಂತಲೂ ಹೆಚ್ಚಿನ ಸಹಾಯ.

ದಾರಿಯ ಆಯ್ಕೆಗೆ ಬರೋಣ. ಜಿಯಾನ್‌ಕೊ ಬೇಡ. ಅಲ್ಲಿ ಗೋಡೆ ಕುಸಿದಿದೆ, ಕೆಲವೆಡೆ ಕೈಕಾಲು ಎರಡನ್ನೂ ಬಳಸಿ ಇಳಿಯಬೇಕು, ಬಿದ್ದು ಸತ್ತವರೂ ಇದ್ದಾರೆ. ಅದು ಪ್ರವಾಸಿಗರಿಗೆ ತೆರೆದ ಭಾಗವೂ ಅಲ್ಲ. ಮಹಾಗೋಡೆಯ ರಕ್ಷಣೆಗೆ ಚೀನಾ ಸರ್ಕಾರ 2006ರಲ್ಲಿ ನಿಯಮಾವಳಿ ಜಾರಿಗೆ ತಂದಿದೆ, ತೆರೆಯದ ಭಾಗಗಳ ಮೇಲೆ ಚಟುವಟಿಕೆ ನಡೆಸುವುದನ್ನು ಅದು ನಿರ್ಬಂಧಿಸುತ್ತದೆ. ಸಡಿಲ ಇಟ್ಟಿಗೆಯ ಮೇಲೆ ಬೀಳುವ ಪ್ರತಿ ಹೆಜ್ಜೆಯೂ ಗೋಡೆಗೂ ಹಾನಿಯೇ. ನಮ್ಮ ಬೇಲೂರು, ಹಳೇಬೀಡಿನ ಕಲ್ಲಿನ ಮೇಲೆ ಯಾರಾದರೂ ಹತ್ತಿದರೆ ನಮಗೆ ಹೇಗೆ ಸಂಕಟವಾಗುತ್ತದೆಯೋ ಅದೇ ಕಾಳಜಿ ಅಲ್ಲಿಗೂ ಸಲ್ಲಬೇಕು.

ನಿಮ್ಮ ಮನಸ್ಸಿನಲ್ಲಿರುವ ಜಿನ್‌ಶಾನ್‌ಲಿಂಗ್‌ನಿಂದ ಸಿಮಾತಾಯ್‌ವರೆಗಿನ ಅಖಂಡ ನಡಿಗೆ ಹಳೆಯ ಪ್ರವಾಸ ಕೈಪಿಡಿಗಳ ಮಾತು. ಸಿಮಾತಾಯ್ 2010ರಲ್ಲಿ ಮುಚ್ಚಿ 2014ರಲ್ಲಿ ತೆರೆದ ಮೇಲೆ ಅದಕ್ಕೆ ಪ್ರತ್ಯೇಕ ಪ್ರವೇಶ, ಪ್ರತ್ಯೇಕ ಟಿಕೆಟ್. ಜಿನ್‌ಶಾನ್‌ಲಿಂಗ್‌ನ ಪೂರ್ವ ತುದಿಯಲ್ಲಿ ಗೋಡೆಯಿಂದ ಕೆಳಗಿಳಿದು ವಾಹನದಲ್ಲಿ ಸುತ್ತಿ ಹೋಗಬೇಕು. ಸಿಮಾತಾಯ್ ಇನ್ನೂ ಕಡಿದಾದ ಭಾಗ, ಎರಡನ್ನೂ ಒಂದೇ ದಿನಕ್ಕೆ ಸೇರಿಸುವುದು ನಿಮಗೆ ಬೇಡ.

ಉಳಿಯುವುದು ಎರಡು. ಬೀಜಿಂಗಿನಿಂದ ಸುಮಾರು 70 ಕಿಲೋಮೀಟರ್ ದೂರದ ಮುತಿಯಾನ್‌ಯು ಪೂರ್ತಿ ದುರಸ್ತಿಯಾದ ಭಾಗ. ಕೇಬಲ್ ಕಾರಿನಲ್ಲಿ 14ನೆಯ ಬುರುಜಿನ ಹತ್ತಿರ ಇಳಿದು ಎರಡು ಮೂರು ಗಂಟೆ ನಡೆದು, ಕೇಬಲ್ ಕಾರಿನಲ್ಲೇ ಮರಳಬಹುದು. ಅಲ್ಲಿಂದ 20ನೆಯ ಬುರುಜಿನ ಕಡೆಗಿನ ಕೊನೆಯ ಏರು ಕಡಿದಾದದ್ದು, ಅದನ್ನು ಬಿಡಬಹುದು. ಜನಸಂದಣಿ ಹೆಚ್ಚು, ಅಪಾಯ ಕಡಿಮೆ. ಇನ್ನೊಂದು ಜಿನ್‌ಶಾನ್‌ಲಿಂಗ್ ಒಂದನ್ನೇ ಅರ್ಧ ದಿನ ನಡೆಯುವುದು. ಅಲ್ಲಿಯೂ ಕೇಬಲ್ ಕಾರ್ ಇದೆ. ಮೇಲೆ ಹೋಗಿ ದುರಸ್ತಿಯಾದ ಭಾಗದಲ್ಲಿ ಪೂರ್ವಕ್ಕೆ ನಡೆದು, ಸಡಿಲ ಇಟ್ಟಿಗೆಗಳು ಶುರುವಾಗುವ ಮುನ್ನ ಹಿಂತಿರುಗುವುದು. ನನ್ನ ಒಲವು ಇದರ ಕಡೆಗೆ. ನೀವು ಇಷ್ಟು ಕಾಲ ಆಸೆಪಟ್ಟದ್ದು ಇದೇ ಭಾಗಕ್ಕೆ, ಬುರುಜುಗಳು ನೂರೈವತ್ತು, ಇನ್ನೂರು ಮೀಟರಿಗೊಂದರಂತೆ ಇರುವುದರಿಂದ ಪ್ರತಿ ಬುರುಜಿನ ನೆರಳಿನಲ್ಲೂ ಕುಳಿತು ಮುಂದೆ ಹೋಗುವುದೋ ಬೇಡವೋ ಎಂದು ನಿರ್ಧರಿಸಬಹುದು. ಒಂದು ನೆನಪಿರಲಿ: ಗೋಡೆ ಎರಡೂ ದಿಕ್ಕಿನಲ್ಲಿ ಏರಿಳಿಯುತ್ತದೆ, ಮರಳಿ ಬರುವಾಗಲೂ ಇಳಿತ ತಪ್ಪುವುದಿಲ್ಲ. ತೊಡೆ ನಡುಗಲು ಆರಂಭಿಸುವ ಮೊದಲೇ ತಿರುಗಬೇಕು.

ಇಳಿಯುವ ಕ್ರಮ ಹೀಗಿರಲಿ. ನೋವಿರುವ ಎಡಗಾಲು ಮೊದಲು ಕೆಳಗೆ, ಹತ್ತುವಾಗ ಬಲಗಾಲು ಮೊದಲು ಮೇಲೆ. ಎತ್ತರದ ಮೆಟ್ಟಿಲಿಗೆ ಅಡ್ಡ ತಿರುಗಿ ಅಥವಾ ಏಣಿಯಿಂದ ಇಳಿಯುವಂತೆ ಹಿಮ್ಮುಖವಾಗಿ ಇಳಿಯುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ರಬ್ಬರ್ ತುದಿಯ ಎರಡು ಊರುಗೋಲು ಮಂಡಿಯ ಭಾರವನ್ನು ನಿಜವಾಗಿಯೂ ಇಳಿಸುತ್ತವೆ, ಇಟ್ಟಿಗೆಯನ್ನೂ ಗೀರುವುದಿಲ್ಲ. ಅವುಗಳ ಬಳಕೆಯನ್ನು ಇಲ್ಲೇ ರೂಢಿಸಿಕೊಳ್ಳಿ. ಕಡಿದಾದ ಕಡೆ ಅಳಿಯ ನಿಮಗಿಂತ ಎರಡು ಮೆಟ್ಟಿಲು ಕೆಳಗೆ ಇರಲಿ. ಎರಡರಿಂದ ಮೂರು ಲೀಟರ್ ನೀರು, ಒಂದೆರಡು ಓಆರ್‌ಎಸ್ ಪೊಟ್ಟಣ ಇರಲಿ, ಆ ಭಾರವನ್ನು ಅಳಿಯನೇ ಹೊರಲಿ. ಗುಡುಗು ಕೇಳಿಸಿದರೆ ಏಣಿನ ಮೇಲಿನ ಗೋಡೆಯಿಂದ ಇಳಿದುಬಿಡಬೇಕು. ಆಂಬುಲೆನ್ಸ್‌ಗೆ ಅಲ್ಲಿನ ಸಂಖ್ಯೆ 120, ಪೊಲೀಸರಿಗೆ 110.

ದಿನಾಂಕವನ್ನೂ ಈಗಲೇ ನಿಗದಿ ಮಾಡಿ. ಅಕ್ಟೋಬರ್ 1ರಿಂದ ಚೀನಾದ ರಾಷ್ಟ್ರೀಯ ದಿನದ ರಜೆ ಒಂದು ವಾರ, ಆಗ ಗೋಡೆಯ ಮೇಲೆ ಕಾಲಿಡಲು ಜಾಗವಿರುವುದಿಲ್ಲ, ನೂಕುನುಗ್ಗಲಿನಲ್ಲಿ ನಿಮ್ಮ ವೇಗಕ್ಕೆ ಇಳಿಯಲೂ ಆಗದು. ಅದಕ್ಕೆ ಮುನ್ನ ಮುಗಿಸಿ. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮಾತ್ರ ಮುಂದಿರುವುದರಿಂದ ನಿದ್ದೆಯ ವ್ಯತ್ಯಾಸ ಹೆಚ್ಚು ಕಾಡುವುದಿಲ್ಲ, ಆದರೂ ತಲುಪಿದ ಮೇಲೆ ಎರಡು ದಿನ ಬಿಟ್ಟು ನಡಿಗೆ ಇಟ್ಟುಕೊಳ್ಳಿ. ವಿಮಾನದಲ್ಲಿ ಆಗಾಗ ಎದ್ದು ಓಡಾಡಿ. ಇಳಿದ ಮೇಲೆ ಒಂದೇ ಮೀನಖಂಡ ಊದಿ ನೋಯುತ್ತಿದ್ದರೆ ಅದು ರಕ್ತನಾಳದಲ್ಲಿ ಹೆಪ್ಪುಗಟ್ಟಿರುವ ಲಕ್ಷಣವಿರಬಹುದು, ನಡಿಗೆಯನ್ನು ಬದಿಗಿಟ್ಟು ಆಸ್ಪತ್ರೆಗೆ ಹೋಗಿ.

ಮನೆಯವರ ಆತಂಕಕ್ಕೆ ನಾನು ಹೇಳುವುದು ಇಷ್ಟು: ನಿರ್ಧಾರವನ್ನು ಈಗ ಮಾಡಬೇಡಿ, ಆಗಸ್ಟ್ ಕೊನೆಯಲ್ಲಿ ಮಾಡಿ. ಆ ಹೊತ್ತಿಗೆ ಎಂಟು ಅಂಗುಲದ ಮಣೆಯಿಂದ ಎಡಗಾಲಿನ ಮೇಲೆ ಹತ್ತು ಸಲ ನಿಧಾನವಾಗಿ ಇಳಿಯಲು ಸಾಧ್ಯವಾಗಿ, ವಿಂಧ್ಯಗಿರಿಯನ್ನು ಒಂದೇ ಬೆಳಿಗ್ಗೆ ಎರಡು ಸಲ ಹತ್ತಿ ಇಳಿದು, ಮರುದಿನ ಮಂಡಿ ಊದದಿದ್ದರೆ ಜಿನ್‌ಶಾನ್‌ಲಿಂಗ್‌ಗೆ ಟಿಕೆಟ್ ತೆಗೆಸಿ. ಒಂದು ಸಲವಷ್ಟೇ ಸಲೀಸಾದರೆ ಮುತಿಯಾನ್‌ಯು. ಅದೂ ಆಗದಿದ್ದರೆ ಮುತಿಯಾನ್‌ಯುವಿಗೆ ಕೇಬಲ್ ಕಾರಿನಲ್ಲಿ ಹೋಗಿ ಒಂದೆರಡು ಬುರುಜುಗಳ ನಡುವೆ ಮಾತ್ರ ಓಡಾಡಿ, ಹಿಂತಿರುಗಿದ ಮೇಲೆ ಮಂಡಿಯನ್ನು ಒಮ್ಮೆ ಕೂಲಂಕಷವಾಗಿ ತೋರಿಸಿ.